ಗ್ಯಾಸ್ ಗೀಸರ್ ಹೊತ್ತಿಕೊಳ್ಳದಿದ್ದರೆ ಮೊದಲು ಏನು ನೋಡಬೇಕು?

ನಲ್ಲಿ ತಿರುಗಿಸಿದಾಗ ಟಿಕ್ ಟಿಕ್ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳಿ. ಇಲ್ಲವಾದರೆ ಎರಡೂ ಸೆಲ್‌ಗಳನ್ನು ಬದಲಿಸಿ. ಆಗಲೂ ಸದ್ದಿಲ್ಲದಿದ್ದರೆ ಬಹುಶಃ ನೀರಿನ ಒತ್ತಡ ಸಾಲುತ್ತಿಲ್ಲ: ನೀರು ರಭಸವಾಗಿ ಬಂದು ಒಳಗಿನ ರಬ್ಬರ್ ಪೊರೆಯನ್ನು ಒತ್ತಿದರೆ ಮಾತ್ರ ಕಿಡಿ ಹಾರುತ್ತದೆ. ಕಾಸರಗೋಡಿನ ಬದಿಯಡ್ಕ, ಪೆರ್ಲದ ಕಡೆ ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ತಗ್ಗಿನ ಟಾಂಕಿಯಿಂದ ಇಳಿಯುವ ಮನೆಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಇದನ್ನೇ. ನೀರು ಒಳಬರುವಲ್ಲಿರುವ ಜಾಲರಿಗೆ ಕೆಂಪು ಮಣ್ಣು ಕಟ್ಟಿರುತ್ತದೆ, ಬಿಚ್ಚಿ ತೊಳೆಯಿರಿ.

ಕಿಡಿಯಿದ್ದೂ ಉರಿಯದಿದ್ದರೆ ಸಿಲಿಂಡರ್ ನೋಡಿ. ಹೊತ್ತಿ ಕೂಡಲೇ ಆರಿದರೆ ಜ್ವಾಲೆ ಗುರುತಿಸುವ ಕಡ್ಡಿಗೆ ಮಸಿ ಹಿಡಿದಿರಬಹುದು. ಅದು ಮೆಕ್ಯಾನಿಕ್ ಕೆಲಸ. ಆದರೆ ಗ್ಯಾಸ್ ವಾಸನೆ ಬಂದರೆ ಪ್ರಯತ್ನ ನಿಲ್ಲಿಸಿ, ರೆಗ್ಯುಲೇಟರ್ ಮುಚ್ಚಿ, ಕಿಟಕಿ ತೆರೆಯಿರಿ, ಸ್ವಿಚ್ ಮುಟ್ಟಬೇಡಿ. ದಯವಿಟ್ಟು ಗೀಸರನ್ನು ಬಚ್ಚಲಿನ ಹೊರಗೇ ಇಡಿ. ಗ್ಯಾಸ್ ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ.