ಬೀಳೋದು ಅಂದ್ರೆ ಏನು? ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಗುರುತ್ವಾಕರ್ಷಣೆ ಮತ್ತೆ ಚಲನೆ ಬಗ್ಗೆ ಏನೇ ಡೌಟ್ ಇದ್ರೂ ಬರೀರಿ ಅಂದಿದ್ದೆ, ಒಂದು ಚೀಲ ತುಂಬ ಪ್ರಶ್ನೆ ಬಂದಿದೆ. ಎಲ್ಲಕ್ಕೂ ಇಲ್ಲಿ ಜಾಗ ಇಲ್ಲ, ಆರು ಮಾತ್ರ ಎತ್ಕೊಂಡಿದೀನಿ. ಮೊದಲನೇದಕ್ಕೆ ಸ್ವಲ್ಪ ಉದ್ದ ಉತ್ತರ ಕೊಟ್ಟಿದೀನಿ, ಯಾಕಂದ್ರೆ ಅದು ಗೊತ್ತಾದ್ರೆ ಉಳಿದಿದ್ದು ಸುಲಭ.

ಪ್ರಶ್ನೆ: ಸರ್, ಶುಭಾಂಶು ಶುಕ್ಲಾ ಅವ್ರು ಬಾಹ್ಯಾಕಾಶ ನಿಲ್ದಾಣದಲ್ಲಿ ತೇಲಾಡೋ ವಿಡಿಯೋ ನೋಡಿದ್ವಿ. ಅಲ್ಲಿ ಗುರುತ್ವಾಕರ್ಷಣೆ ಇಲ್ಲ, ಅದಕ್ಕೇ ತೇಲ್ತಾರೆ ಅಂತ ಎಲ್ರೂ ಹೇಳ್ತಾರೆ. ಹಂಗೆ ಇಲ್ಲ ಅಂದ್ರೆ ಆ ನಿಲ್ದಾಣ ಭೂಮಿನ ಯಾಕೆ ಸುತ್ತಬೇಕು? ಎಲ್ಲಾದ್ರೂ ದೂರ ಹೊರಟು ಹೋಗ್ಬೇಕಿತ್ತಲ್ವಾ?
(ಪಿಯುಸಿ ವಿದ್ಯಾರ್ಥಿನಿ, ಹಾಸನ)

ನಿನ್ನ ಡೌಟು ನೂರಕ್ಕೆ ನೂರು ಸರಿ ಕಣಮ್ಮ, ಎಲ್ರೂ ಹೇಳೋದೇ ತಪ್ಪು. ನಿಲ್ದಾಣ ಇರೋದು ನಮ್ಮ ತಲೆ ಮೇಲೆ ಬರೀ 400 ಕಿ.ಮೀ. ಎತ್ತರದಲ್ಲಿ. ಅಲ್ಲೂ ಭೂಮಿಯ ಸೆಳೆತ ನೆಲದ ಮೇಲೆ ಇರೋದರಲ್ಲಿ ನೂರಕ್ಕೆ ಸುಮಾರು 89ರಷ್ಟು ಇದ್ದೇ ಇರತ್ತೆ. 400 ಕಿ.ಮೀ. ಎತ್ತರದ ಒಂದು ಗೋಪುರ ಕಟ್ಟಿ, ಅದರ ತುದೀಲಿ ತೂಕದ ಮಷಿನ್ ಇಟ್ಟು 50 ಕೆ.ಜಿ. ಇರೋರು ನಿಂತ್ಕೊಂಡ್ರೆ ಅದು 44 ಕೆ.ಜಿ. ಚಿಲ್ಲರೆ ತೋರಿಸತ್ತೆ, ಅವ್ರು ತೇಲಲ್ಲ, ನಮ್ಮ ಹಾಗೇ ನಿಂತಿರ್ತಾರೆ.

ಹಂಗಾದ್ರೆ ಶುಕ್ಲಾ ಯಾಕೆ ತೇಲಿದ್ರು? ಬೀಳ್ತಾ ಇದ್ರು, ಅದಕ್ಕೆ. 2025ರ ಜೂನ್ 26ಕ್ಕೆ ನಿಲ್ದಾಣ ಸೇರಿದ ಮೇಲೆ ಅವ್ರು ಅಲ್ಲಿದ್ದಷ್ಟು ದಿನವೂ ಒಂದು ಕ್ಷಣ ಬಿಡದೆ ಅವ್ರೂ ಅವ್ರ ಸುತ್ತಲ ನಿಲ್ದಾಣವೂ ಒಟ್ಟೊಟ್ಟಿಗೆ ಬೀಳ್ತಾನೇ ಇದ್ವು. ಹಳ್ಳೀಲಿ ಈಜು ಕಲಿತೋರಿಗೆ ಇದು ಮೈಗೇ ಗೊತ್ತು, ಬಾವಿ ದಂಡೆಯಿಂದ ಹಾರಿ ನೀರಿಗೆ ಬೀಳೋ ತನಕ ಹೊಟ್ಟೆ ಒಳಗೆ ಏನೋ ಖಾಲಿ ಆದ ಹಾಗೆ ಆಗತ್ತಲ್ಲ ಅದೇ. ನಮಗೆ ತೂಕ ಅನ್ಸೋದು ಭೂಮಿ ಎಳೆಯೋದ್ರಿಂದ ಅಲ್ಲ, ನೆಲ ನಮ್ಮನ್ನ ಬೀಳದ ಹಾಗೆ ತಡೆದು ಕಾಲಡಿಯಿಂದ ಮೇಲಕ್ಕೆ ಒತ್ತೋದ್ರಿಂದ. ಆ ಒತ್ತೋದು ನಿಂತ್ರೆ ತೂಕ ಅನ್ನೋ ಅನುಭವ ಹೋಯ್ತು, ಸೆಳೆತ ಹಾಗೇ ಇದೆ. ಅದಕ್ಕೇ "ಶೂನ್ಯ ಗುರುತ್ವ" ಅನ್ನೋ ಮಾತನ್ನ ಪಾಠ ಮಾಡೋರು ಬಿಟ್ಟೇಬಿಡಬೇಕು ಅಂತ ನನಗೆ ಬಲವಾಗಿ ಅನ್ಸತ್ತೆ, ತೂಕ ಇಲ್ಲದ ಸ್ಥಿತಿ ಅಂದ್ರೆ ಸಾಕು, ಮಕ್ಕಳು ದಾರಿ ತಪ್ಪಲ್ಲ.

ಬಿದ್ರೆ ನೆಲಕ್ಕೆ ಯಾಕೆ ತಾಗಲ್ಲ ಅನ್ನೋದು ಈಗ ನಿನ್ನ ಮುಂದಿನ ಪ್ರಶ್ನೆ ಆಗಿರತ್ತೆ. ಒಂದು ಕಲ್ಲನ್ನ ಕೈಬಿಟ್ರೆ ಮೊದಲನೇ ಸೆಕೆಂಡಲ್ಲಿ ಸುಮಾರು 5 ಮೀಟರ್ ಬೀಳತ್ತೆ. ಅಡ್ಡಕ್ಕೆ ಎಷ್ಟೇ ಜೋರಾಗಿ ಎಸೆದ್ರೂ ಅಷ್ಟೇ ಬೀಳತ್ತೆ. ಇನ್ನು ಭೂಮಿ ಉರುಟಾಗಿದೆ, ನೀನು ನೇರ ಗೆರೆ ಎಳೆದ ಹಾಗೆ 8 ಕಿ.ಮೀ. ಹೋದ್ರೆ (ಬೆಂಗಳೂರಲ್ಲಿ ಮೆಜೆಸ್ಟಿಕ್‌ನಿಂದ ಪೀಣ್ಯದ ಕಡೆ ಹೋದಷ್ಟು ಅಂತಿಟ್ಕೋ) ಆ ಗೆರೆಗಿಂತ ನೆಲ ಸುಮಾರು 5 ಮೀಟರ್ ಕೆಳಗೆ ಬಾಗಿರತ್ತೆ. ಎರಡನ್ನೂ ಜೋಡಿಸಿ ನೋಡು. ಸೆಕೆಂಡಿಗೆ 8 ಕಿ.ಮೀ. ವೇಗದಲ್ಲಿ ಅಡ್ಡಕ್ಕೆ ಹೋಗೋ ಕಲ್ಲು 5 ಮೀಟರ್ ಬಿತ್ತು, ನೆಲವೂ 5 ಮೀಟರ್ ಕೆಳಗೆ ಹೋಯ್ತು, ಅಂತರ ಇದ್ದಷ್ಟೇ ಇದೆ, ಮುಂದಿನ ಸೆಕೆಂಡೂ ಅದೇ ಕತೆ, ಅದರ ಮುಂದಿನದ್ದೂ ಅದೇ. ಅದಕ್ಕೆ ಕಕ್ಷೆ ಅಂತೀವಿ ಅಷ್ಟೇ. ನೆಲದ ಹತ್ರ ಗಾಳಿ ಅಡ್ಡ ಬರತ್ತೆ, ಗಾಳಿ ತೀರಾ ತೆಳುವಾಗಿರೋ ಎತ್ತರದಲ್ಲಿ ನಿಲ್ದಾಣ ಸೆಕೆಂಡಿಗೆ ಸುಮಾರು 7.7 ಕಿ.ಮೀ. ವೇಗದಲ್ಲಿ ಬೀಳ್ತಾ ಬೀಳ್ತಾ ಒಂದೂವರೆ ಗಂಟೆಗೊಂದು ಸುತ್ತು ಹಾಕತ್ತೆ.

ನ್ಯೂಟನ್ ಇದನ್ನ ಚಂದ್ರನಿಗೆ ಹಾಕಿ ನೋಡಿದ್ರು, ಅದನ್ನ ಓದಿದಾಗಲೆಲ್ಲ ನನಗೆ ರೋಮಾಂಚನ ಆಗತ್ತೆ. ಚಂದ್ರ ಇರೋದು ಭೂಮಿಯ ತ್ರಿಜ್ಯದ 60 ಪಟ್ಟು ದೂರದಲ್ಲಿ, ಆದ್ರಿಂದ ಅಲ್ಲಿ ಸೆಳೆತ 60 ಗುಣಿಸು 60, ಅಂದ್ರೆ 3,600ರಲ್ಲಿ ಒಂದು ಪಾಲು. ಲೆಕ್ಕ ಹಾಕಿದ್ರೆ ಮರದಿಂದ ಹಣ್ಣು ಒಂದು ಸೆಕೆಂಡಲ್ಲಿ ಬೀಳೋ ದೂರವನ್ನೇ ಚಂದ್ರ ಒಂದು ನಿಮಿಷದಲ್ಲಿ ಬೀಳ್ತಾನೆ. ಹಣ್ಣಿಗೂ ಚಂದ್ರನಿಗೂ ಒಂದೇ ಕಾನೂನು.

ಸೆಳೆತ ನಿಜವಾಗ್ಲೂ ಇಲ್ದೇ ಹೋದ್ರೆ ನೀನು ಹೇಳಿದ್ದೇ ಆಗತ್ತೆ. ಜೋಳದ ಹೊಲದಲ್ಲಿ ಹಕ್ಕಿ ಕಾಯೋರು ಕವಣೆ ಬೀಸೋದು ನೋಡಿದ್ರೆ ಗೊತ್ತಾಗತ್ತೆ, ಹಗ್ಗದ ಒಂದು ತುದಿ ಬಿಟ್ಟ ಕೂಡ್ಲೇ ಕಲ್ಲು ಸುತ್ತೋದು ಬಿಟ್ಟು ಆ ಕ್ಷಣ ಎತ್ತ ಮುಖ ಮಾಡಿತ್ತೋ ಅತ್ತ ನೆಟ್ಟಗೆ ಹೋಗತ್ತೆ. ನಿಲ್ದಾಣಕ್ಕೆ ಆ ಹಗ್ಗ ಗುರುತ್ವಾಕರ್ಷಣೆ. ಅಂದ ಹಾಗೆ ನಿಮ್ಮೂರಲ್ಲೇ ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ ಎಂಸಿಎಫ್ ಇದೆಯಲ್ಲ, ಅಲ್ಲಿಂದ ನೋಡ್ಕೊಳ್ಳೋ ಉಪಗ್ರಹಗಳು ಸುಮಾರು 36,000 ಕಿ.ಮೀ. ಎತ್ತರದಲ್ಲಿ ಒಂದೇ ಕಡೆ ನಿಂತ ಹಾಗೆ ಕಾಣ್ತವೆ, ಅವೂ ಸೆಕೆಂಡಿಗೆ 3 ಕಿ.ಮೀ. ವೇಗದಲ್ಲಿ ಹೋಗ್ತಾ ಬೀಳ್ತಾನೇ ಇವೆ, ಒಂದು ಸುತ್ತಿಗೆ ಭೂಮಿಯಷ್ಟೇ ಹೊತ್ತು ತಗೊಳ್ಳೋದ್ರಿಂದ ನಿಂತ ಹಾಗೆ ಕಾಣತ್ತೆ ಅಷ್ಟೇ. ಶುಕ್ಲಾ ಜೊತೆ ಧಾರವಾಡ ಕೃಷಿ ವಿಶ್ವವಿದ್ಯಾಲಯದೋರ ಪ್ರಯೋಗಕ್ಕೆ ಹೆಸರು ಕಾಳು, ಮೆಂತ್ಯ ಕಾಳು ಕೂಡ ಹೋಗಿದ್ವು. ನೆಲದ ಮೇಲೆ ಬೇರು ಕೆಳಗಿಳಿಯೋದು ಸೆಳೆತದ ಗುರುತು ಹಿಡಿದು, ಜೀವಕೋಶದೊಳಗಿನ ಪಿಷ್ಟದ ಕಣಗಳು ಕೆಳಗೆ ಕೂರೋದ್ರಿಂದ. ಎಲ್ಲವೂ ಒಟ್ಟಿಗೇ ಬೀಳ್ತಿರೋ ಕಡೆ ಕಾಳಿಗೆ ಕೆಳಗೆ ಯಾವುದು ಅಂತ ಹೇಳೋರೇ ಇಲ್ಲ!

ಪ್ರಶ್ನೆ: ನನ್ನ ಮಗ ಎಂಟನೇ ಕ್ಲಾಸು. ಭೂಮಿ ತಿರುಗ್ತಾ ಇದ್ರೆ ಬೆಂಗಳೂರಲ್ಲಿ ಹೆಲಿಕಾಪ್ಟರ್ ಹತ್ತಿ ಮೇಲೆ ಸುಮ್ನೆ ನಿಂತ್ಕೊಂಡ್ರೆ ಸಾಕಲ್ವಾ, ಕೆಳಗೆ ಮಂಗಳೂರು ತಾನೇ ಬರತ್ತೆ ಅಂತಾನೆ. ಏನು ಹೇಳೋದು ಗೊತ್ತಾಗ್ಲಿಲ್ಲ.
(ಒಬ್ಬ ತಂದೆ, ತುಮಕೂರು)

ಹುಡುಗ ದಿಕ್ಕು ಕೂಡ ಸರಿಯಾಗಿ ಹಿಡಿದಿದಾನೆ, ಭೂಮಿ ಪೂರ್ವಕ್ಕೆ ತಿರುಗೋದ್ರಿಂದ ಬರಬೇಕಾದ್ದು ಪಶ್ಚಿಮದ ಊರೇ! ಬೆಂಗಳೂರು, ಮಂಗಳೂರು ಎರಡೂ ಹೆಚ್ಚು ಕಡಿಮೆ 13 ಡಿಗ್ರಿ ಅಕ್ಷಾಂಶದಲ್ಲೇ ಇವೆ, ರೇಖಾಂಶದಲ್ಲಿ ಸುಮಾರು ಎರಡೂ ಮುಕ್ಕಾಲು ಡಿಗ್ರಿ ವ್ಯತ್ಯಾಸ, ಭೂಮಿ ಒಂದು ಡಿಗ್ರಿ ತಿರುಗೋಕೆ 4 ನಿಮಿಷ. ಅವನ ಲೆಕ್ಕದಲ್ಲಿ 11 ನಿಮಿಷಕ್ಕೆ ಮಂಗಳೂರು ಸಿಗಬೇಕು. ಸಿಗಲ್ಲ, ಯಾಕಂದ್ರೆ ಹೆಲಿಕಾಪ್ಟರ್ ನೆಲದ ಮೇಲೆ ನಿಂತಿದ್ದಾಗ್ಲೇ ನೆಲದ ಜೊತೆ ಗಂಟೆಗೆ 1,600 ಕಿ.ಮೀ.ಗಿಂತ ಜಾಸ್ತಿ ವೇಗದಲ್ಲಿ ಪೂರ್ವಕ್ಕೆ ಹೋಗ್ತಾ ಇತ್ತು, ಮೇಲೆದ್ದ ತಕ್ಷಣ ಆ ವೇಗ ಎಲ್ಲಿಗೆ ಹೋಗ್ಬೇಕು? ಯಾರೂ ತಡೀಲಿಲ್ಲ, ಹಾಗೇ ಇರತ್ತೆ. ಸುತ್ತಲಿನ ಗಾಳಿನೂ ಅದೇ ವೇಗದಲ್ಲಿ ನಮ್ಮ ಜೊತೆ ತಿರುಗ್ತಿದೆ.

ಅವನನ್ನ ರೈಲಲ್ಲಿ ಕರ್ಕೊಂಡು ಹೋಗಿ, ಒಂದೇ ಸಮ ಓಡ್ತಿರೋವಾಗ ಒಂದು ಕಡ್ಲೆಕಾಯಿ ಮೇಲಕ್ಕೆ ಹಾರಿಸೋಕೆ ಹೇಳಿ. ಅದು ಹಿಂದಿನ ಸೀಟಲ್ಲಿ ಬೀಳಲ್ಲ, ಅವನ ಕೈಗೇ ಬರತ್ತೆ. ಚಲಿಸ್ತಾ ಇರೋಕೆ ಏನೋ ಒಂದು ತಳ್ತಾನೇ ಇರಬೇಕು ಅಂತ ಅರಿಸ್ಟಾಟಲ್ ಕಾಲದಿಂದ ಎರಡು ಸಾವಿರ ವರ್ಷ ಜನ ನಂಬಿದ್ರು, ನಾವೂ ಸೈಕಲ್ ತುಳಿಯೋದು ಬಿಟ್ರೆ ನಿಲ್ಲತ್ತಲ್ಲ ಅಂತ ಅದನ್ನೇ ನಂಬ್ತೀವಿ. ಗೆಲಿಲಿಯೋ, ಆಮೇಲೆ ನ್ಯೂಟನ್ ಅದನ್ನ ತಿರುಗಿಸಿ ಹಾಕಿದ್ರು. ಹೋಗ್ತಾ ಇರೋದಕ್ಕೆ ಕಾರಣ ಬೇಕಿಲ್ಲ, ವೇಗ ಇಲ್ಲಾ ದಿಕ್ಕು ಬದಲಾಗೋಕೆ ಮಾತ್ರ ಕಾರಣ ಬೇಕು. ಸೈಕಲ್ ನಿಲ್ಲೋದು ಘರ್ಷಣೆ ನಿಲ್ಲಿಸೋದ್ರಿಂದ. ಬಸ್ಸಲ್ಲಿ ಡ್ರೈವರ್ ಬ್ರೇಕ್ ಹಾಕಿದಾಗ ನಮ್ಮನ್ನ ಯಾರೂ ಮುಂದಕ್ಕೆ ನೂಕಿರಲ್ಲ, ಬಸ್ ನಿಂತಿತು, ನಾವು ಹೋಗ್ತಾ ಇದ್ದೋರು ಹೋಗ್ತಾ ಇದೀವಿ. ಶ್ರೀಹರಿಕೋಟಾದಿಂದ ತುಂಬಾ ರಾಕೆಟ್‌ಗಳು ಪೂರ್ವದ ಕಡೆ ಹೋಗೋದೂ ಭೂಮಿ ಪುಕ್ಕಟೆ ಕೊಡೋ ಈ ವೇಗ ಬಿಡಬಾರದು ಅಂತ.

ಪ್ರಶ್ನೆ: ಸರ್, ಎತ್ತು ಗಾಡಿ ಎಳೀತೈತಿ, ಗಾಡಿನೂ ಅಷ್ಟ ಜೋರಿಂದ ಎತ್ತನ್ನ ಹಿಂದಕ್ಕ ಎಳೀತೈತಿ ಅಂತ ಮಗಳ ಪುಸ್ತಕದಾಗ ಐತಿ. ಎರಡೂ ಸಮ ಆದ್ರ ಗಾಡಿ ಮುಂದ ಹೆಂಗ ಹೋಗತೈತ್ರೀ?
(ರೈತರು, ಗದಗ ಜಿಲ್ಲೆ)

ಇದು ಬಹಳ ಜನ ಓದಿದೋರೂ ಎಡವೋ ಜಾಗ ಯಜಮಾನ್ರೇ. ಎರಡು ಬಲ ಸಮ ಅನ್ನೋದು ನಿಜ, ಆದ್ರೆ ಒಂದು ಬಲ ಗಾಡಿ ಮೇಲೆ, ಇನ್ನೊಂದು ಎತ್ತಿನ ಮೇಲೆ. ಬೇರೆ ಬೇರೆ ವಸ್ತು ಮೇಲೆ ಬಿದ್ದ ಬಲ ಒಂದನ್ನೊಂದು ಕಳೆಯೋಕೆ ಬರಲ್ಲ, ನಿಮ್ಮ ಸಾಲ ಪಕ್ಕದೋರ ಜಮೆಯಿಂದ ತೀರಲ್ಲ ಅಲ್ವಾ ಹಾಗೆ. ಗಾಡಿನ ಮಾತ್ರ ನೋಡಿ, ನೊಗದ ಕಡೆಯಿಂದ ಮುಂದಕ್ಕೆ ಎಳೆತ, ಗಾಲಿ ಕಡೆಯಿಂದ ಹಿಂದಕ್ಕೆ ತಡೆ. ಎಳೆತ ಜಾಸ್ತಿ ಆದ್ರೆ ಗಾಡಿ ಹೊರಡತ್ತೆ, ಅದಕ್ಕೇ ಕೀಲೆಣ್ಣೆ ಹಾಕೋದು. ಈಗ ಎತ್ತನ್ನ ಮಾತ್ರ ನೋಡಿ, ಗಾಡಿ ಹಿಂದಕ್ಕೆ ಎಳೀತಿದೆ ಸರಿ, ಆದ್ರೆ ಎತ್ತು ಗೊರಸು ಊರಿ ನೆಲವನ್ನ ಹಿಂದಕ್ಕೆ ಒದೀತಿದೆ, ನೆಲ ಅಷ್ಟೇ ಬಲದಿಂದ ಎತ್ತನ್ನ ಮುಂದಕ್ಕೆ ತಳ್ಳತ್ತೆ. ಗಾಡಿ ಮುಂದೆ ಹೋಗೋದು ಈ ನೆಲದ ದಯೆಯಿಂದ. ಮಳೆಗಾಲದಲ್ಲಿ ನಿಮ್ಮ ಕಡೆ ಎರೆಮಣ್ಣಲ್ಲಿ ಗಾಡಿ ಹುಗಿದಾಗ ಎತ್ತಿಗೆ ಶಕ್ತಿ ಇದ್ರೂ ಆಗಲ್ಲವಲ್ಲ, ಗೊರಸಿಗೆ ಒದೆಯೋಕೆ ಗಟ್ಟಿ ನೆಲ ಸಿಗಲ್ಲ, ಅತ್ತ ಗಾಲಿಗೆ ತಡೆನೂ ಜಾಸ್ತಿ. ಮಗಳಿಗೆ ಹೊಲದಲ್ಲೇ ತೋರಿಸಿ ಹೇಳಿ.

ಪ್ರಶ್ನೆ: ಬಾಹ್ಯಾಕಾಶದಲ್ಲಿ ಗಾಳಿನೇ ಇಲ್ಲ, ಹಾಗಾದ್ರೆ ರಾಕೆಟ್ ಯಾವುದನ್ನ ಒದ್ದು ಮುಂದೆ ಹೋಗತ್ತೆ? ಹಾಗೇ ಚಂದ್ರಯಾನ-3ಕ್ಕೆ 40 ದಿನ ಯಾಕೆ ಬೇಕಾಯ್ತು, ಅಮೆರಿಕದೋರು ನಾಕೇ ದಿನಕ್ಕೆ ಹೋಗಿದ್ರಂತೆ?
(ಹೊಸಪೇಟೆಯಿಂದ)

ತನ್ನ ಹೊಗೆನೇ ಒದ್ದು ಹೋಗತ್ತೆ. ನಿಮಗೆ ಹಂಪಿ ಹತ್ರ, ತುಂಗಭದ್ರೆಯಲ್ಲಿ ಹರಿಗೋಲಲ್ಲಿ ಕೂತು ಗೊತ್ತಿರತ್ತೆ, ಹರಿಗೋಲಿಂದ ದಡಕ್ಕೆ ಹಾರಿದ್ರೆ ಅದು ಹಿಂದಕ್ಕೆ ಸರಿಯತ್ತೆ, ಹಾರಿದೋರು ಗಾಳಿನ ತಳ್ಳಲಿಲ್ಲ, ಹರಿಗೋಲನ್ನ ತಳ್ಳಿದ್ರು. ರಾಕೆಟ್ಟು ಬಿಸಿ ಅನಿಲವನ್ನ ಭಾರಿ ವೇಗದಲ್ಲಿ ಹಿಂದಕ್ಕೆ ತಳ್ಳತ್ತೆ, ಅನಿಲ ರಾಕೆಟ್‌ನ ಮುಂದಕ್ಕೆ ತಳ್ಳತ್ತೆ, ನಡುವೆ ಗಾಳಿಗೆ ಕೆಲಸ ಇಲ್ಲ, ಇದ್ರೆ ಅದು ಅಡ್ಡಿ ಅಷ್ಟೇ. ನಿಮ್ಮ ಡೌಟೇ 1920ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೂ ಬಂದು, ರಾಕೆಟ್ ವಿಜ್ಞಾನಿ ಗೊಡಾರ್ಡ್ ಅವ್ರಿಗೆ ಹೈಸ್ಕೂಲ್ ಜ್ಞಾನವೂ ಇಲ್ಲ ಅನ್ನೋ ಹಾಗೆ ಬರೆದುಬಿಟ್ಟಿತ್ತು. 1969ರ ಜುಲೈ 17ಕ್ಕೆ, ಅಪೊಲೊ 11 ಚಂದ್ರನ ದಾರೀಲಿದ್ದಾಗ, ತಪ್ಪಾಯ್ತು ಅಂತ ಅಚ್ಚು ಹಾಕ್ತು. ಅಷ್ಟೊತ್ತಿಗೆ ಗೊಡಾರ್ಡ್ ತೀರಿಕೊಂಡು ಹತ್ತತ್ರ 24 ವರ್ಷ ಆಗಿತ್ತು, ಅದು ನನಗೆ ಈಗ್ಲೂ ಬೇಜಾರು.

40 ದಿನದ ವಿಷ್ಯ. ಅಪೊಲೊ ಹೊತ್ತ ಸ್ಯಾಟರ್ನ್ ರಾಕೆಟ್ ತೂಕ 2,900 ಟನ್ ಮೇಲೆ, ನಮ್ಮ ಎಲ್‌ವಿಎಂ-3 640 ಟನ್. ಒಂದೇ ಸಲಕ್ಕೆ ಚಂದ್ರನ ತನಕ ಎಸೆಯೋ ಬದಲು ನಮ್ಮೋರು 2023ರ ಜುಲೈ 14ಕ್ಕೆ ಅದನ್ನ ಉದ್ದ ಮೊಟ್ಟೆ ಆಕಾರದ ಕಕ್ಷೆಗೆ ಬಿಟ್ರು. ಆಮೇಲೆ ಅದು ಭೂಮಿಗೆ ಹತ್ರ ಬಂದಾಗಲೇ ಎಂಜಿನ್ ಉರಿಸಿ ಐದು ಸಲ ಕಕ್ಷೆ ಹಿಗ್ಗಿಸಿದ್ರು. ಹತ್ರ ಬಂದಾಗಲೇ ಯಾಕೆ ಅಂದ್ರೆ ಅಲ್ಲಿ ಅದರ ವೇಗ ಅತಿ ಹೆಚ್ಚು, ವೇಗ ಹೆಚ್ಚಿದ್ದಾಗ ಕೊಟ್ಟ ಅದೇ ನೂಕಿಗೆ ಶಕ್ತಿ ಜಾಸ್ತಿ ದಕ್ಕತ್ತೆ, ಇಂಧನ ಉಳಿಯತ್ತೆ. ಆಗಸ್ಟ್ 1ರ ಮುಂಜಾವದ ಹೊತ್ತಿಗೆ ಚಂದ್ರನ ದಾರಿ ಹಿಡೀತು, 5ಕ್ಕೆ ಚಂದ್ರನ ಕಕ್ಷೆ ಸೇರ್ತು. ದಾರಿ ಬಹುಪಾಲು ಎಂಜಿನ್ ಆಫ್ ಮಾಡ್ಕೊಂಡೇ ಹೋಗಿದ್ದು, ಮೇಲಿನ ಹೆಲಿಕಾಪ್ಟರ್ ಹುಡುಗನಿಗೆ ಹೇಳಿದ್ದೇ ಇಲ್ಲೂ. ಕಷ್ಟದ ಕೆಲಸ ನಿಲ್ಲಿಸೋದು. ಚಂದ್ರನಲ್ಲಿ ಗಾಳಿ ಇಲ್ಲ, ಪ್ಯಾರಾಚೂಟ್ ಕೆಲಸಕ್ಕೆ ಬರಲ್ಲ, ಸೆಕೆಂಡಿಗೆ ಒಂದೂವರೆ ಕಿ.ಮೀ.ಗೂ ಮೀರಿದ ವೇಗವನ್ನ ಪೂರ್ತಿ ಎಂಜಿನ್ನಿಂದಲೇ ಕರಗಿಸಬೇಕು. ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಬೆಂಗಳೂರಿನ ಪೀಣ್ಯದಲ್ಲಿರೋ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಲ್ಲಿ ಎಲ್ರೂ ಎದ್ದು ಚಪ್ಪಾಳೆ ತಟ್ಟಿದ್ದು ಆ ವೇಗ ಕರಗಿದ್ದಕ್ಕೆ.

ಪ್ರಶ್ನೆ: ಮಳೆ ಹನಿ ಅಷ್ಟು ಎತ್ತರದಿಂದ ಬೀಳತ್ತೆ, ತಲೆಗೆ ಯಾಕೆ ಪೆಟ್ಟಾಗಲ್ಲ?
(ತೀರ್ಥಹಳ್ಳಿ)

ಗಾಳಿ ಕಾಪಾಡತ್ತೆ. ಗಾಳಿ ಇಲ್ದಿದ್ರೆ 2 ಕಿ.ಮೀ. ಮೇಲಿಂದ ಬಿದ್ದ ಹನಿ ಗಂಟೆಗೆ 700 ಕಿ.ಮೀ. ವೇಗದಲ್ಲಿ ಬಂದು ಹೊಡೀತಿತ್ತು. ಹನಿ ಜೋರಾದಷ್ಟೂ ಗಾಳಿ ತಡೆ ಜೋರಾಗಿ ಒಂದು ಹಂತದಲ್ಲಿ ಸೆಳೆತಕ್ಕೆ ಸಮ ಆಗತ್ತೆ, ಅಲ್ಲಿಂದ ಮುಂದೆ ವೇಗ ಏರಲ್ಲ, ದಪ್ಪ ಹನಿನೂ ಗಂಟೆಗೆ 30 ಚಿಲ್ಲರೆ ಕಿ.ಮೀ. ಅಷ್ಟೇ. ಗಾಳಿ ಇಲ್ಲದ ಕಡೆ ಏನಾಗತ್ತೆ ಅಂತ 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ತೋರಿಸಿದ್ರು, ಒಂದು ಕೈಯಿಂದ ಸುತ್ತಿಗೆ, ಇನ್ನೊಂದು ಕೈಯಿಂದ ಹಕ್ಕಿ ಗರಿ ಬಿಟ್ರು, ಎರಡೂ ಒಟ್ಟಿಗೇ ನೆಲ ಮುಟ್ಟಿದ್ವು.

ಪ್ರಶ್ನೆ: ಭೂಮಿ ನನ್ನನ್ನ ಎಳೆಯತ್ತೆ. ನಾನೂ ಭೂಮಿನ ಎಳೀತೀನಾ?
(ಐದನೇ ಕ್ಲಾಸ್, ಉಡುಪಿ)

ಹೌದು ಪುಟ್ಟಾ, ಅದು ನಿನ್ನನ್ನ ಎಷ್ಟು ಜೋರಾಗಿ ಎಳೆಯತ್ತೋ ನೀನೂ ಅದನ್ನ ಅಷ್ಟೇ ಜೋರಾಗಿ ಎಳೀತೀಯ, ಒಂದು ಚೂರೂ ಕಮ್ಮಿ ಇಲ್ಲ. ನೀನು ಜಿಗಿದು ಕೆಳಗೆ ಬರೋವಾಗ ಭೂಮಿನೂ ನಿನ್ನ ಕಡೆ ಬರತ್ತೆ, ಅದು ತುಂಬಾ ತುಂಬಾ ಭಾರ ಇರೋದ್ರಿಂದ ಅಳೆಯೋಕೂ ಆಗದಷ್ಟು ಚೂರು ಮಾತ್ರ. ಚಂದ್ರ ದೊಡ್ಡೋನು, ಅವನು ಎಳೆದ್ರೆ ಕಣ್ಣಿಗೇ ಕಾಣತ್ತೆ. ಮಲ್ಪೆಗೆ ಹೋದಾಗ ಮೀನುಗಾರರನ್ನ ಕೇಳು, ಸಮುದ್ರದ ನೀರು ದಿನಕ್ಕೆ ಎರಡು ಸಲ ಏರಿ ಇಳಿಯತ್ತೆ ಅಂತಾರೆ, ಅದು ಮುಖ್ಯವಾಗಿ ಚಂದ್ರ ಎಳೆಯೋದ್ರಿಂದ. ಇವತ್ತು ನೀರು ಏರಿದ ಟೈಮ್ ಬರೆದಿಟ್ಕೋ, ನಾಳೆ ಸುಮಾರು 50 ನಿಮಿಷ ತಡವಾಗಿ ಏರತ್ತೆ, ಅಷ್ಟರಲ್ಲಿ ಚಂದ್ರ ಭೂಮಿ ಸುತ್ತ ಇನ್ನೊಂದಿಷ್ಟು ದೂರ ಬಿದ್ದಿರ್ತಾನೆ.