‘ಬಿಕಾಸ್ ಇಟ್ ವಾಸ್ ರೇನಿಂಗ್’ ಪೂರ್ಣ ವಾಕ್ಯ ಯಾಕಲ್ಲ?

ಕರ್ತೃ, ಕ್ರಿಯಾಪದ ಎರಡೂ ಇದ್ದರೂ ಇದನ್ನು ಪೂರ್ಣ ವಾಕ್ಯ ಅಂತ ಯಾಕೆ ಒಪ್ಪಲ್ಲ ಅಂತ ಕೇಳಿದ್ದೀರಿ. ತಕರಾರು ಇರುವುದು ‘ಬಿಕಾಸ್’ನಲ್ಲಿ. ಅದನ್ನು ತೆಗೆದು ನೋಡಿ. ‘ಇಟ್ ವಾಸ್ ರೇನಿಂಗ್’ ತನ್ನಷ್ಟಕ್ಕೆ ನಿಲ್ಲುತ್ತದೆ, ಅಲ್ವಾ? ‘ಬಿಕಾಸ್’ ಸೇರಿದ ತಕ್ಷಣ ಅದು ಬರೀ ಕಾರಣವಾಗಿಬಿಡುತ್ತದೆ. ಮಳೆ ಬಂದದ್ದರಿಂದ ಏನಾಯಿತು ಅನ್ನುವುದು ಬಾಕಿ ಉಳಿಯುತ್ತದೆ. ‘ವಿ ಸ್ಟೇಡ್ ಇನ್ ಬಿಕಾಸ್ ಇಟ್ ವಾಸ್ ರೇನಿಂಗ್’ ಅಂದರೆ ಸರಿಹೋಯಿತು. ಇದೇ ಕಾಂಪ್ಲೆಕ್ಸ್ ವಾಕ್ಯ, ಅಂದರೆ ತನ್ನಷ್ಟಕ್ಕೆ ನಿಲ್ಲುವ ಭಾಗಕ್ಕೆ ಹಾಗೆ ನಿಲ್ಲದ ಭಾಗವನ್ನು ಜೋಡಿಸಿದ ವಾಕ್ಯ. ‘ಇಫ್’, ‘ಆಲ್‌ದೋ’ಗಳದ್ದೂ ಇದೇ ಕಥೆ. ‘ವೆನ್’ ಸ್ವಲ್ಪ ಕಿಲಾಡಿ: ‘ವೆನ್ ಶಿ ಕೇಮ್’ ಅರ್ಧಂಬರ್ಧ, ‘ವೆನ್ ಡಿಡ್ ಶಿ ಕಮ್?’ ಪೂರ್ಣ ಪ್ರಶ್ನೆ.

ಇನ್ನು ‘ಸ್ಟಾಪ್!’ ಒಂದೇ ಪದವಾದರೂ ಪೂರ್ಣ ವಾಕ್ಯವೇ. ಆಜ್ಞೆಯಲ್ಲಿ ‘ಯು’ ಒಳಗೇ ಅಡಗಿರುತ್ತದೆ. ಮಾತಾಡುವಾಗ ‘ಬಿಕಾಸ್’ನಿಂದಲೇ ಉತ್ತರ ಕೊಟ್ಟರೆ ಪರವಾಗಿಲ್ಲ, ಪರೀಕ್ಷೆಯಲ್ಲಿ ಜೋಡಿಸಿಯೇ ಬರೆಯಿರಿ.