1 ಮೈಕ್ರಾನ್‌ಗಿಂತ ಚಿಕ್ಕ ಜಾಗದ ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಈಗ ಹೇಗೆ ಸಿಗುತ್ತದೆ?

ಇನ್‌ಫ್ರಾರೆಡ್ ಸ್ಪೆಕ್ಟ್ರಮ್ ಅಂದರೆ ವಸ್ತು ಯಾವ ತರಂಗಾಂತರದ ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಹೀರುತ್ತದೆ ಎಂಬ ದಾಖಲೆ. ಮೊದಲು ತೊಡಕು ಎಲ್ಲಿತ್ತು ನೋಡೋಣ. ವಸ್ತುವಿನ ರಾಸಾಯನಿಕ ಗುರುತು ಕೊಡುವ ಇನ್‌ಫ್ರಾರೆಡ್ ಬೆಳಕಿನ ತರಂಗಾಂತರ ಸುಮಾರು 2.5ರಿಂದ 25 ಮೈಕ್ರಾನ್. ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಈ ಬೆಳಕನ್ನು ಅದಕ್ಕಿಂತ ತುಂಬಾ ಸಣ್ಣ ಚುಕ್ಕೆಗೆ ಕೂಡಿಸಲು ಆಗುವುದಿಲ್ಲ. ಹಾಗಾಗಿ ಇಂಥ ಸ್ಪೆಕ್ಟ್ರಮ್ ಅಳೆಯುವ ಸಾಮಾನ್ಯ ಉಪಕರಣವಾದ ಎಫ್‌ಟಿಐಆರ್ ಮೈಕ್ರೋಸ್ಕೋಪಿನಲ್ಲಿ ಕೆಲವು ಮೈಕ್ರಾನ್‌ಗಿಂತ ಸಣ್ಣ ವಿವರಗಳು ಕಲಸಿಹೋಗುತ್ತವೆ.

ಹೊಸ ಉಪಾಯ ನನಗೆ ತುಂಬಾ ಇಷ್ಟ. ಬೆಳಕನ್ನು ಅಳೆಯುವ ಬದಲು ಅದು ಮಾಡಿದ ಕೆಲಸವನ್ನು ಅಳೆಯುತ್ತಾರೆ. ಎಎಫ್‌ಎಂ-ಐಆರ್ ಅಂದರೆ ಚೂಪಾದ ತುದಿಯಿಂದ ಮೇಲ್ಮೈ ತಡವಿ ನೋಡುವ ಮೈಕ್ರೋಸ್ಕೋಪಿಗೆ ಇನ್‌ಫ್ರಾರೆಡ್ ಲೇಸರ್ ಸೇರಿಸಿದ ವಿಧಾನ. ಅದರಲ್ಲಿ ಲೇಸರ್ ಬಿದ್ದಾಗ, ಆ ಬೆಳಕನ್ನು ಹೀರಿದ ಜಾಗ ಬಿಸಿಯಾಗಿ ಒಂಚೂರು ಉಬ್ಬುತ್ತದೆ. ಮೇಲಿಟ್ಟ ಚೂಪಾದ ತುದಿ ಅದರಿಂದ ಅಲುಗುತ್ತದೆ. ತರಂಗಾಂತರ ಬದಲಿಸುತ್ತಾ ಆ ಅಲುಗಾಟವನ್ನು ದಾಖಲಿಸಿದರೆ ಸ್ಪೆಕ್ಟ್ರಮ್ ಬಂತು! ಸುಮಾರು 10 ನ್ಯಾನೋಮೀಟರ್ ತನಕ ವಿವರ ಸಿಗುತ್ತದೆ. ಪಾಲಿಮರ್ ಮಿಶ್ರಣದಲ್ಲಿ ಯಾವುದು ಎಲ್ಲಿ ಕೂತಿದೆ ಅಂತ ನೇರವಾಗಿ ನೋಡಬಹುದು. 1994ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಮೊದಲು ಮಾಡಿ ತೋರಿಸಿದ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ (ಇನ್‌ಫ್ರಾರೆಡ್ ಬೆಳಕು ಕೊಡುವ ಅರೆವಾಹಕ ಲೇಸರ್) ಇದಕ್ಕೆ ದೊಡ್ಡ ಬಲ ಕೊಟ್ಟಿತು.

ತುದಿ ತಾಗಿಸಬಾರದ ಸ್ಯಾಂಪಲ್‌ಗೆ ಒ-ಪಿಟಿಐಆರ್ ಎಂಬ ಇನ್ನೊಂದು ವಿಧಾನ ಇದೆ. ಅದು ಅದೇ ಬಿಸಿಯನ್ನು ಕಣ್ಣಿಗೆ ಕಾಣುವ ಬೆಳಕಿನ ಲೇಸರಿನಿಂದ ಓದುತ್ತದೆ. ವಿವರ ಅರ್ಧ ಮೈಕ್ರಾನಿನ ಆಸುಪಾಸು.

ಸ್ಪೆಕ್ಟ್ರಲ್ ರೆಸಲ್ಯೂಷನ್, ಅಂದರೆ ಹತ್ತಿರದ ತರಂಗಾಂತರಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಶಕ್ತಿ, ಬೇರೆ ವಿಷಯ. ಘನವಸ್ತುಗಳಲ್ಲಿ ಸ್ಪೆಕ್ಟ್ರಮ್ಮಿನ ಗೆರೆಗಳೇ ಸಾಮಾನ್ಯವಾಗಿ ಅಗಲ ಅಲ್ವಾ? ಅಲ್ಲಿ ಅದನ್ನು ಸುಮ್ನೆ ಜಾಸ್ತಿ ಮಾಡಿ ಹೆಚ್ಚು ಲಾಭವಿಲ್ಲ.